ವಿವರಣೆಗೂ ಇಂಗ್ಲಿಷೇ ಬೇಕೇ?

ಪ್ರೋಗ್ರಾಮಿನೊಳಗಿನ ವಿವರಣೆ ಇಂಗ್ಲಿಷಿನಲ್ಲೇ ಇರಬೇಕು ಎಂಬ ಉಪದೇಶವನ್ನು ಕಾಸರಗೋಡಿನ ಕನ್ನಡ ಮಾಧ್ಯಮದವರಾದ ನಾವು ಕೇಳಿ ಕೇಳಿ ಸುಸ್ತಾಗಿದ್ದೇವೆ. ಯಾಕೆ ಸ್ವಾಮೀ? ಕಂಪೈಲರ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಓದುವವರು ಮನುಷ್ಯರು. ನಮ್ಮ ಲ್ಯಾಬುಗಳಲ್ಲಾದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡದ ಮಕ್ಕಳು.

ಮಳೆಯ ಲೆಕ್ಕಕ್ಕೊಂದು ಸಿ ಪ್ಲಸ್ ಪ್ಲಸ್ ಪ್ರೋಗ್ರಾಮು ಅಂತ ಇಟ್ಟುಕೊಳ್ಳಿ. ಹುಡುಗಿಯೊಬ್ಬಳು ‘ಇಂಟ್ ರೈನ್’ ಎಂದು ಬರೆದು, ಮೇಲೆ ‘ರೈನ್ ವೇರಿಯೇಬಲ್’ ಎಂದು ಇಂಗ್ಲಿಷಿನಲ್ಲಿ ಟಿಪ್ಪಣಿ ಹಾಕುತ್ತಾಳೆ. ನಿಯಮ ಪಾಲನೆಯಾಯಿತು. ಏನು ತಿಳಿಯಿತು? ಮಿಲಿಮೀಟರೋ ಸೆಂಟಿಮೀಟರೋ? ಒಂದು ದಿನದ್ದೋ, ಇಡೀ ಮಳೆಗಾಲದ್ದೋ? ಅವಳನ್ನೇ ಕನ್ನಡದಲ್ಲಿ ಬರೆಯಲು ಬಿಡಿ: ‘ಬೆಳಿಗ್ಗೆ 8.30ಕ್ಕೆ ಅಳೆದ, ಹಿಂದಿನ 24 ಗಂಟೆಗಳ ಮಳೆ, ಮಿಲಿಮೀಟರಿನಲ್ಲಿ.’ ಹೀಗೆ ಬರೆಯುವಾಗಲೇ ಹೊಳೆಯುತ್ತದೆ, 12.5 ಮಿ.ಮೀ. ಬಂದರೆ ಇಂಟ್ ಅದನ್ನು 12 ಮಾಡಿಬಿಡುತ್ತದಲ್ಲ, ಇದು ಫ್ಲೋಟ್ ಆಗಬೇಕಲ್ಲ ಅಂತ. ಟೈಪ್ ಯಾವುದೆಂದು ಕಂಪ್ಯೂಟರಿಗೆ ಗೊತ್ತು. ಆ ಟೈಪೇ ಯಾಕೆ ಎಂದು ಹೇಳಬೇಕಾದದ್ದು ವಿವರಣೆ. ಪೈಥಾನಿನಲ್ಲಂತೂ ವೇರಿಯೇಬಲ್ಲಿಗೆ ಟೈಪ್ ಬರೆಯುವ ಕ್ರಮ 2016ರ 3.6ರಲ್ಲಿ ಬಂದರೂ, ಓಡುವಾಗ ಪೈಥಾನ್ ಅದನ್ನು ಪರೀಕ್ಷಿಸುವುದಿಲ್ಲ. ಅಲ್ಲಿ ವಿವರಣೆಗೆ ಇನ್ನೂ ಬೆಲೆ ಜಾಸ್ತಿ.

ಡಾಕ್ಸಿಜನ್ ಎಂಬ ಸ್ವತಂತ್ರ ತಂತ್ರಾಂಶವಿದೆ. ಟಿಪ್ಪಣಿಯನ್ನು ಒಂದು ಸ್ಲ್ಯಾಶ್, ಎರಡು ನಕ್ಷತ್ರ ಹಾಕಿ ಶುರುಮಾಡಿದರೆ ಅದನ್ನು ಹೆಕ್ಕಿ ವೆಬ್ ಪುಟ ಮಾಡಿಕೊಡುತ್ತದೆ. ವಿವರಣೆ ಬೇರೆ ಕಡೆ ಇದ್ದರೆ ಬ್ಯಾಕ್‌ಸ್ಲ್ಯಾಶ್ ಹಾಕಿ ‘ವಾರ್’ ಎಂಬ ಆಜ್ಞೆ, ಮುಂದೆ ವೇರಿಯೇಬಲ್ಲಿನ ಹೆಸರು. ಘೋಷಣೆಯ ನೇರ ಮೇಲೆಯೇ ಇದ್ದರೆ ಅದೂ ಬೇಡ. (ಇದನ್ನೂ ಬಾಯಿಪಾಠ ಮಾಡಿಸುವವರಿದ್ದಾರೆ, ಇರಲಿ.) ಆಜ್ಞೆ ಇಂಗ್ಲಿಷಿನಲ್ಲಿರಲಿ, ನಮ್ಮ ತಕರಾರಿಲ್ಲ. ಪುಟದ ತಲೆಬರಹಗಳೂ ಇಂಗ್ಲಿಷಿನಲ್ಲಿ ಬಂದರೆ ಬರಲಿ. ಆಜ್ಞೆಯ ಮುಂದಿನ ವಾಕ್ಯ ನಮ್ಮದು.

ಕನ್ನಡ ಅಕ್ಷರ ಕೆಟ್ಟುಹೋಗುತ್ತದೆ ಅನ್ನುತ್ತಾರೆ. ಹಳೆಯ ಫಾಂಟುಗಳ ಕಾಲದಲ್ಲಿ ಹೌದು, ಕೆಡುತ್ತಿತ್ತು. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ, ಡಾಕ್ಸಿಜನ್ ಯುಟಿಎಫ್-8ರಲ್ಲೇ ಓದುತ್ತದೆ. ಆ ನೆಪ ಸತ್ತು ವರ್ಷಗಳಾದವು. ಮುಂದೆ ಕಂಪೆನಿಯಲ್ಲಿ ಇಂಗ್ಲಿಷ್ ಬೇಕಲ್ಲ ಅಂತ ಇನ್ನೊಂದು ಮಾತು. ಬೇಕು, ಆಗ ಬರೆಯುತ್ತಾರೆ. ಹೇಳಬೇಕಾದದ್ದು ತಲೆಯಲ್ಲಿದ್ದರೆ ತಾನೇ ಇಂಗ್ಲಿಷಿನಲ್ಲಿ ಹೇಳುವುದು?

2001ರಲ್ಲಿ ಐಟಿ ಅಟ್ ಸ್ಕೂಲ್ ಆಗಿ ಶುರುವಾಗಿ 2017ರಲ್ಲಿ ಕೈಟ್ ಆದ ವ್ಯವಸ್ಥೆ ಸ್ವತಂತ್ರ ತಂತ್ರಾಂಶವನ್ನು ನಮ್ಮ ಶಾಲೆಗಳಿಗೆ ತಂದಿತು, ಒಳ್ಳೆಯದೇ. ಐಸಿಟಿ ಪಠ್ಯಪುಸ್ತಕವನ್ನೇ ಕನ್ನಡದಲ್ಲಿ ಅಚ್ಚುಹಾಕುವ ರಾಜ್ಯದಲ್ಲಿ, ಲ್ಯಾಬಿನ ಎರಡು ಸಾಲಿಗೆ ಕನ್ನಡ ನಿಷಿದ್ಧ ಎಂದರೆ ಯಾವ ನ್ಯಾಯ? ಮುಂದಿನ ಪ್ರಾಕ್ಟಿಕಲ್‌ನಲ್ಲಿ ನಮ್ಮ ಮಕ್ಕಳು ಕನ್ನಡದಲ್ಲೇ ವಿವರಣೆ ಬರೆಯುತ್ತಾರೆ. ಅಂಕ ಕಡಿಯುವವರು ಯಾವ ನಿಯಮದ ಪ್ರಕಾರ ಕಡಿದೆವು ಎಂದು ಬರೆದು ಕೊಡಲಿ.