ಒಂಟಿ ಪಯಣಿಗನ ದಿನಚರಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಕೋಶವನ್ನು ಓದುವ ಬಗೆಯನ್ನು ಗುರುಗಳು ನಮಗೆ ಶಾಲೆಯಲ್ಲಿ ಕಲಿಸಿದರು. ದೇಶವನ್ನು ಸುತ್ತುವ ಬಗೆಯನ್ನು ಮಾತ್ರ ಯಾರೂ ಕಲಿಸಲಿಲ್ಲ. ಅಲ್ಪ ಹಣವನ್ನು ಕೈಯಲ್ಲಿ ಹಿಡಿದು, ಜೊತೆಗಾರರಿಲ್ಲದೆ ಏಷ್ಯದ ನಾಡುಗಳಲ್ಲಿ ಸಂಚರಿಸುವ ತರುಣ ತರುಣಿಯರನ್ನು ಕಂಡು ಕೆಲವರು ಅದನ್ನು ಅಲೆಮಾರಿತನವೆಂದು ಹಳಿಯುತ್ತಾರೆ. ಮತ್ತೆ ಕೆಲವರು ಸಾಹಸವೆಂದು ಹೊಗಳುತ್ತಾರೆ. ಅದು ಎರಡೂ ಅಲ್ಲ, ಅದೊಂದು ದಿನಚರಿ ಎಂಬುದು ಈ ಲೇಖಕನ ಅಭಿಪ್ರಾಯ. ದಿನಚರಿ ಕೆಟ್ಟರೆ ಪ್ರಯಾಣವೂ ಕೆಡುತ್ತದೆ.

ಈ ಬಗೆಯ ಸಂಚಾರ ಹೊಸದಲ್ಲ. ಟೋನಿ ಮತ್ತು ಮೌರೀನ್ ವೀಲರ್ ದಂಪತಿಗಳು ಏಷ್ಯವನ್ನು ಅಗ್ಗವಾಗಿ ದಾಟುವ ಬಗೆಯನ್ನು ಕುರಿತು 1973ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಆ ಕಾಲದಲ್ಲಿ ಯುರೋಪಿನ ತರುಣರು ಇರಾನ್, ಆಫ್ಘಾನಿಸ್ತಾನಗಳ ಮಾರ್ಗವಾಗಿ ಬಸ್ಸಿನಲ್ಲಿಯೇ ಭಾರತಕ್ಕೆ ಬರುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿಯೂ ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶವೂ ನಡೆದು ಆ ದಾರಿ ಮುಚ್ಚಿಹೋಯಿತು. ಇಂದು ಇಂಥ ಪ್ರಯಾಣಿಕರ ಹೆದ್ದಾರಿ ಇರುವುದು ಆಗ್ನೇಯ ಏಷ್ಯದಲ್ಲಿ. ನಾನೂ 2024ರ ಜನವರಿಯಲ್ಲಿ ಮಲೇಷ್ಯದಿಂದ ಹೊರಟು ಥಾಯ್ಲೆಂಡ್, ಲಾವೋಸ್‌ಗಳನ್ನು ಹಾದು ವಿಯೆಟ್ನಾಮಿನವರೆಗೆ ನೆಲದ ಮೇಲೆಯೇ ಸಾಗಿದೆನು.

ಗಡಿಯನ್ನು ದಾಟುವ ದಿನ ಒಂಟಿ ಪಯಣಿಗನಿಗೆ ಪರೀಕ್ಷೆಯ ದಿನವಿದ್ದಂತೆ. ಹಿಂದಿನ ರಾತ್ರಿಯೇ ಪಾಸ್‌ಪೋರ್ಟ್, ಭಾವಚಿತ್ರಗಳು, ವೀಸಾ ಶುಲ್ಕಕ್ಕೆಂದು ಮಡಿಕೆಯಿಲ್ಲದ ಡಾಲರ್ ನೋಟುಗಳು, ಮುಂದಿನ ವಸತಿಯ ವಿಳಾಸ, ಇವನ್ನೆಲ್ಲ ಒಂದೇ ಕಡೆ ಜೋಡಿಸಿಡಬೇಕು. ಪಡಾಂಗ್ ಬೆಸಾರ್ ಎಂಬ ರೈಲು ನಿಲ್ದಾಣದಲ್ಲಿ ಮಲೇಷ್ಯ ಮತ್ತು ಥಾಯ್ಲೆಂಡ್ ಎರಡರ ತಪಾಸಣೆಯೂ ಒಂದೇ ಸೂರಿನ ಕೆಳಗೆ ನಡೆಯುತ್ತದೆ. ಅಲ್ಲಿ ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ನೋಂಗ್ ಖಾಯ್ ಬಳಿ ಮೆಕಾಂಗ್ ನದಿಗೆ ಕಟ್ಟಿರುವ ಸ್ನೇಹ ಸೇತುವೆ 1994ರಲ್ಲಿ ತೆರೆಯಿತು. ಥಾಯ್ಲೆಂಡಿನಲ್ಲಿ ನಮ್ಮಂತೆ ಎಡಬದಿಯಲ್ಲಿ ಓಡುವ ವಾಹನಗಳು ಅದನ್ನು ದಾಟಿ ಲಾವೋಸ್ ಸೇರುವಲ್ಲಿ ಬಲಬದಿಗೆ ಹೊರಳುತ್ತವೆ. ಅಂದಿನಿಂದ ರಸ್ತೆ ದಾಟುವಾಗ ನೋಡಬೇಕಾದ ದಿಕ್ಕೇ ಬೇರೆ. ಜೊತೆಗಾರನಿದ್ದರೆ ಅವನು ಎಚ್ಚರಿಸುತ್ತಾನೆ. ಒಂಟಿಯಾದವನಿಗೆ ಅಭ್ಯಾಸವೇ ಜೊತೆಗಾರ.

ಹಣದ ವಿಷಯದಲ್ಲಿಯೂ ಹೀಗೆಯೇ. ಲಾವೋಸಿನ ಕಿಪ್ ನೋಟುಗಳನ್ನು ಆ ದೇಶದ ಹೊರಗೆ ಬದಲಾಯಿಸಿಕೊಡುವವರು ವಿರಳ. ಆದುದರಿಂದ ಹೊರಡುವ ಎರಡು ದಿನ ಮೊದಲೇ ಲೆಕ್ಕ ಹಾಕಿ, ಉಳಿದ ಹಣ ಕೊನೆಯ ಊಟಕ್ಕೂ ಬಸ್ಸಿಗೂ ಸರಿಹೋಗುವಂತೆ ನೋಡಿಕೊಳ್ಳಬೇಕು. ವಿಯೆಟ್ನಾಮಿನಲ್ಲಿ 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಸಂಜೆಯ ಮಬ್ಬಿನಲ್ಲಿ ಒಂದಕ್ಕೆ ಇನ್ನೊಂದನ್ನು ಕೊಟ್ಟರೆ ಇಪ್ಪತ್ತೈದು ಪಟ್ಟು ನಷ್ಟ. ಆದ್ದರಿಂದ ಪ್ರತಿ ರಾತ್ರಿ ದೊಡ್ಡ ನೋಟುಗಳನ್ನು ಬೇರೆ ಚೀಲದಲ್ಲಿಟ್ಟು ಮಲಗುವುದು ನನ್ನ ಪದ್ಧತಿಯಾಯಿತು.

ಸಸ್ಯಾಹಾರಿಗೆ ಊಟವೇ ದೊಡ್ಡ ತೊಡಕೆಂದು ಮನೆಯವರು ಅಂಜಿದ್ದರು. ಅಂಜಿಕೆ ನಿರಾಧಾರವಲ್ಲ, ಆ ನಾಡುಗಳಲ್ಲಿ ಮೀನಿನ ರಸವು ನಮ್ಮ ಉಪ್ಪಿನಂತೆ ಬಹುತೇಕ ಅಡಿಗೆಗಳಲ್ಲಿ ಬೆರೆತಿರುತ್ತದೆ. ಆದರೆ ಎರಡು ಪದಗಳನ್ನು ಕಲಿತವನು ಉಪವಾಸ ಬೀಳಲಾರ. ಥಾಯ್ಲೆಂಡಿನಲ್ಲಿ ಹಳದಿ ಪತಾಕೆಯ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದು ಬರೆದಿದ್ದರೆ ಅಲ್ಲಿ ಮಾಂಸ, ಮೊಟ್ಟೆಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ವಿಯೆಟ್ನಾಮಿನಲ್ಲಿ ಅದೇ ಅರ್ಥದ ಪದ 'ಚಾಯ್'. ಚಾಂದ್ರಮಾನ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನಗಳಂದು ಅಲ್ಲಿನ ಅನೇಕ ಬೌದ್ಧರು ಇಂಥ ಊಟವನ್ನೇ ಮಾಡುತ್ತಾರೆ. ನಮ್ಮ ನಿಯಮವು ನಮ್ಮೊಬ್ಬರದೇ ಎಂಬ ಗರ್ವ ಆ ಪತಾಕೆಯ ಕೆಳಗೆ ಕುಳಿತು ಉಣ್ಣುವಾಗ ಕರಗಿಹೋಯಿತು.

ಸಂಜೆ ವಸತಿಗೆ ಬಂದೊಡನೆ ಅಂದಿನ ಬಟ್ಟೆಯನ್ನು ಅಂದೇ ಒಗೆದು ಹರವುವುದು, ಕುಡಿಯುವ ನೀರು ತುಂಬಿಕೊಳ್ಳುವುದು, ಮನೆಗೆ ಎರಡು ಸಾಲು ಸುದ್ದಿ ಕಳಿಸುವುದು, ಲೆಕ್ಕ ಬರೆಯುವುದು: ಇಷ್ಟೇ ದಿನಚರಿ. ವಿದ್ಯಾರ್ಥಿನಿಲಯದಲ್ಲಿ ತಮ್ಮ ತಟ್ಟೆಯನ್ನು ತಾವೇ ತೊಳೆದು, ತಮ್ಮ ಅಂಗಿಯನ್ನು ತಾವೇ ಒಗೆದು ಬೆಳೆದವರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಆದರೆ ಆ ಲೆಕ್ಕದ ಪುಸ್ತಕವೇ ನನಗೆ ಒಂದು ಪಾಠವನ್ನು ಕಲಿಸಿತು. ಲುಆಂಗ್ ಪ್ರಬಾಂಗ್ ನಗರದ ಬೆಳಗಿನ ಸಂತೆಯಲ್ಲಿ ಒಬ್ಬ ವೃದ್ಧೆ ನೆಲದ ಮೇಲೆ ಕಿತ್ತಳೆ ಹಣ್ಣು ಹರವಿಕೊಂಡು ಕುಳಿತಿದ್ದಳು. ಭಾಷೆ ತಿಳಿಯದ ಕಾರಣ ಕ್ಯಾಲ್ಕುಲೇಟರಿನಲ್ಲಿ 20,000 ಎಂದು ಒತ್ತಿ ತೋರಿಸಿದಳು. ನಾನು ಅದನ್ನು ಅಳಿಸಿ 15,000 ಎಂದು ಒತ್ತಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದಳು. ಆ ರಾತ್ರಿ 'ಉಳಿತಾಯ' ಎಂಬ ಅಂಕಣದಲ್ಲಿ 5,000 ಕಿಪ್ ಎಂದು ಬರೆದು, ಪಕ್ಕದಲ್ಲಿ ನಮ್ಮ ಹಣಕ್ಕೆ ಪರಿವರ್ತಿಸಿದೆನು. ಸುಮಾರು 20 ರೂಪಾಯಿ! ಅಂದು ನಿದ್ರೆ ಬರಲಿಲ್ಲವೆಂದರೆ ಅತಿಶಯೋಕ್ತಿಯಾದೀತು, ನಿದ್ರೆ ಬಂದಿತು. ಆದರೆ ಮರುದಿನದಿಂದ ಆ ಅಂಕಣವನ್ನು ಬರೆಯಲಿಲ್ಲ.

ಅಗ್ಗದ ಪ್ರಯಾಣವನ್ನು ಮೆಚ್ಚುವವರು ಇಲ್ಲಿ ಎಚ್ಚರ ವಹಿಸಬೇಕು. ಕಡಿಮೆ ಹಣದಲ್ಲಿ ತಿರುಗುವುದು ಬೇರೆ, ಬಡವರ ಹಣದಲ್ಲಿ ತಿರುಗುವುದು ಬೇರೆ. ತನ್ನ ಹಾಸಿಗೆ, ಊಟ, ಹೊರೆಗಳನ್ನು ಕಡಿಮೆ ಮಾಡಿಕೊಂಡು ಉಳಿಸಿದ ಹಣ ಮಾತ್ರ ನಿಜವಾದ ಉಳಿತಾಯ. ರಾತ್ರಿ ರೈಲಿನಲ್ಲಿ ಮಲಗಿ ಒಂದು ದಿನದ ಕೊಠಡಿ ಬಾಡಿಗೆ ಉಳಿಸಿದರೆ ಅದರ ಕಷ್ಟ ನನ್ನದು. ಹಣ್ಣು ಮಾರುವವಳಿಂದ ಕಿತ್ತುಕೊಂಡು ಉಳಿಸಿದರೆ ಅದರ ಕಷ್ಟ ಆಕೆಯದು. ಇವೆರಡನ್ನೂ ಒಂದೇ ಅಂಕಣದಲ್ಲಿ ಬರೆಯುವುದು ಲೆಕ್ಕಶಾಸ್ತ್ರಕ್ಕೂ ಸಲ್ಲದು, ನೀತಿಗೂ ಸಲ್ಲದು.

ನಾಳೆ ನಮ್ಮ ಮಗನೋ ಮಗಳೋ, ಇಲ್ಲವೆ ನಮ್ಮ ಕೈಯಲ್ಲಿ ಓದಿದ ಶಿಷ್ಯರೋ, ಒಂಟಿಯಾಗಿ ಪರದೇಶ ಸುತ್ತಿ ಬರುತ್ತೇವೆಂದು ಕೇಳಬಹುದು. ಆಗ ಎಷ್ಟು ಖರ್ಚಾದೀತೆಂದು ಮಾತ್ರ ವಿಚಾರಿಸದೆ, ಅಲ್ಲಿ ದಿನವನ್ನು ಹೇಗೆ ಕಳೆಯುವಿರೆಂದೂ ವಿಚಾರಿಸೋಣ. ತನ್ನ ಬಟ್ಟೆಯನ್ನು ತಾನೇ ಒಗೆಯುವ, ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯುವ, ಕೇಳಿದ ಬೆಲೆ ನ್ಯಾಯವಾಗಿದ್ದರೆ ಕೊಟ್ಟು ನಮಸ್ಕರಿಸುವ ಅಭ್ಯಾಸ ಅವರಲ್ಲಿ ಇದ್ದರೆ, ಧೈರ್ಯವಾಗಿ ಕಳುಹಿಸಿಕೊಡಬಹುದು. ಇಲ್ಲದಿದ್ದರೆ ಅದನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಮೊದಲು ಕಲಿಸುವುದು ಹಿರಿಯರಾದ ನಮ್ಮ ಹೊಣೆ.