ತಲಾ ವೆಚ್ಚದ ಲೆಕ್ಕ ಮತ್ತು ಶಾಲಾ ಆಯ್ಕೆಯ ವಾದ

ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ 12(1)(ಸಿ) ಕಲಮಿನಷ್ಟು ವಾದವಿವಾದಕ್ಕೆ ಗುರಿಯಾದ ಕಲಮು ಆ ಕಾಯ್ದೆಯಲ್ಲಿ ಮತ್ತೊಂದಿರಲಾರದು. ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ತರಗತಿಯಲ್ಲಿ ಕನಿಷ್ಠ ಶೇ. 25ರಷ್ಟು ಸ್ಥಾನಗಳನ್ನು ದುರ್ಬಲ ಹಾಗೂ ಅವಕಾಶವಂಚಿತ ವರ್ಗಗಳ ಮಕ್ಕಳಿಗೆ ಉಚಿತವಾಗಿ ನೀಡಬೇಕು, ಅದರ ವೆಚ್ಚವನ್ನು ಸರ್ಕಾರವು ಮರುಪಾವತಿ ಮಾಡಬೇಕು ಎಂಬುದು ಇದರ ತಾತ್ಪರ್ಯ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. 2014ರ ತೀರ್ಪಿನಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು.

ಕರ್ನಾಟಕ ಸರ್ಕಾರವು 2019ರ ಆರಂಭದಲ್ಲಿ ನಿಯಮಕ್ಕೆ ತಿದ್ದುಪಡಿ ತಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದಲ್ಲಿ ಖಾಸಗಿ ಶಾಲೆಯ ಸ್ಥಾನಗಳನ್ನು ಪರಿಗಣಿಸಬೇಕಾಗಿಲ್ಲವೆಂದಿತು. ರಾಜ್ಯದ ಉಚ್ಚ ನ್ಯಾಯಾಲಯವು ಅದೇ ವರ್ಷ ಈ ತಿದ್ದುಪಡಿಗೆ ಸಮ್ಮತಿಯ ಮುದ್ರೆ ಒತ್ತಿತು. ಆದರೆ ಮಹಾರಾಷ್ಟ್ರವು 2024ರಲ್ಲಿ ಇಂಥದೇ ವಿನಾಯಿತಿ ನೀಡಿದಾಗ ಮುಂಬಯಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು, ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಗಡಿಯ ಈಚೆಗೊಂದು ನ್ಯಾಯ, ಆಚೆಗೊಂದು ನ್ಯಾಯ ಎಂಬಂತಾಯಿತು.

ವಾದದ ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ. ಸರ್ಕಾರಿ ಶಾಲೆಯ ಪರವಾಗಿರುವವರು, ಸಾರ್ವಜನಿಕ ಹಣವನ್ನು ಕೊಟ್ಟು ಸಾರ್ವಜನಿಕ ಶಾಲೆಯನ್ನೇ ಬರಿದು ಮಾಡುವುದು ಯಾವ ವಿವೇಕವೆಂದು ಕೇಳುತ್ತಾರೆ. ಆಯ್ಕೆಯ ಪರವಾಗಿರುವವರ ಪ್ರಶ್ನೆ ಇನ್ನೂ ನೇರವಾದುದು. ಮಂಡಿಯ ಮಾಲೀಕನು ತನ್ನ ಮಗನಿಗೆ ಬೇಕಾದ ಶಾಲೆಯನ್ನು ಆರಿಸಬಹುದು. ಅದೇ ಮಂಡಿಯ ಹಮಾಲನಿಗೆ ಮಾತ್ರ ಮನೆಯ ಸಮೀಪದ ಶಾಲೆಯೇ ಗತಿಯೇಕೆ? ಈ ಪ್ರಶ್ನೆಗೆ ತಿದ್ದುಪಡಿಯು ಉತ್ತರ ನೀಡಲಿಲ್ಲ, ಪ್ರಶ್ನೆ ಕೇಳುವ ಬಾಗಿಲನ್ನಷ್ಟೇ ಮುಚ್ಚಿತು.

ಇಬ್ಬರೂ ಕೂಡಿ ನೋಡಬಹುದಾದ ಸ್ಥಳವೆಂದರೆ ಲೆಕ್ಕದ ಪುಸ್ತಕ. ಸರ್ಕಾರವು ಒಂದು ಮಗುವಿಗೆ ಮಾಡುವ ವೆಚ್ಚ ಅಥವಾ ಶಾಲೆಯು ವಾಸ್ತವವಾಗಿ ವಿಧಿಸುವ ಶುಲ್ಕ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಮರುಪಾವತಿಯಾಗಬೇಕೆಂದು ಕಾಯ್ದೆ ಹೇಳುತ್ತದೆ. ಕೇಂದ್ರದ ಮಾದರಿ ನಿಯಮದಂತೆ ಸರ್ಕಾರಿ ಶಾಲೆಗಳ ಒಟ್ಟು ಆವರ್ತಕ ವೆಚ್ಚವನ್ನು ಅಲ್ಲಿನ ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ತಲಾ ವೆಚ್ಚ ದೊರೆಯುತ್ತದೆ. ಕರ್ನಾಟಕದಲ್ಲಿ ಒಂದನೇ ತರಗತಿಗೆ 16,000 ರೂ., ಪೂರ್ವ ಪ್ರಾಥಮಿಕಕ್ಕೆ 8,000 ರೂ. ಗರಿಷ್ಠ ಮಿತಿಯನ್ನು ಗೊತ್ತುಪಡಿಸಲಾಗಿತ್ತು.

ಈ ಭಾಗಾಕಾರದಲ್ಲಿಯೇ ತೊಡಕಿದೆ. ಉದಾಹರಣೆಗೆ, ಒಂದು ಹಳ್ಳಿಯ ಶಾಲೆಯಲ್ಲಿ 40 ಮಕ್ಕಳು, ವರ್ಷದ ವೆಚ್ಚ 12 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ತಲಾ ವೆಚ್ಚ 30,000 ರೂ. ಹತ್ತು ಮಕ್ಕಳು ಖಾಸಗಿ ಶಾಲೆಗೆ ಹೋದರೆ ಶಿಕ್ಷಕರ ಸಂಬಳವೇನೂ ಕಡಿಮೆಯಾಗದು. ವೆಚ್ಚ ಸುಮಾರು 12 ಲಕ್ಷವೇ ಉಳಿದು, ತಲಾ ವೆಚ್ಚ 40,000 ರೂ.ಗೆ ಏರುತ್ತದೆ. ಜೊತೆಗೆ ಹತ್ತು ಮಕ್ಕಳ ಮರುಪಾವತಿ 1.60 ಲಕ್ಷ ರೂ. ಬೊಕ್ಕಸದ ಹೊರೆ 13.60 ಲಕ್ಷವಾಯಿತು. ಖಾಸಗಿ ಶಾಲೆಯು ಅಗ್ಗವಾಗಿ ಕಲಿಸುತ್ತದೆ ಎಂಬ ವಾದವು ಇಲ್ಲಿ ನಿಲ್ಲದು, ಏಕೆಂದರೆ ಸ್ಥಿರ ವೆಚ್ಚವನ್ನು ಅದು ಮರೆತಿದೆ. ಸರ್ಕಾರಿ ಶಾಲೆಯು ದುಬಾರಿ ಎಂಬ ಆರೋಪವೂ ಪೂರ್ಣ ನಿಜವಲ್ಲ. ಮಕ್ಕಳು ಹೋದದ್ದರಿಂದಲೇ ಅದು ದುಬಾರಿಯಾಯಿತು. ಹಾಗೆಂದು ಆ ಹತ್ತು ಮಕ್ಕಳ ತಂದೆತಾಯಿಗಳು ಏಕೆ ಹೋದರೆಂಬ ಪ್ರಶ್ನೆಯು ಲೆಕ್ಕದಿಂದ ಅಳಿದುಹೋಗುವುದಿಲ್ಲ. ಬಹುತೇಕರು ಹೋದದ್ದು ಇಂಗ್ಲಿಷಿಗಾಗಿ. ಸರ್ಕಾರವೂ ಇದನ್ನು ಅರಿತೇ 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳನ್ನು ತೆರೆಯಿತು.

ಸಹಮತದ ಮೊದಲ ಹೆಜ್ಜೆ ಇಲ್ಲಿಯೇ ಸಾಧ್ಯ. ಸರ್ಕಾರಿ ಶಾಲೆಗಳ ನಡುವೆಯಾದರೂ ಪೋಷಕರಿಗೆ ನಿಜವಾದ ಆಯ್ಕೆ ದೊರೆಯಲಿ. ಪೂರ್ವ ಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಹತ್ತಾರು ಹಳ್ಳಿಗಳಿಂದ ಮಕ್ಕಳು ಬರುವಂತೆ ಬಸ್ಸಿನ ಏರ್ಪಾಡಾದರೆ ಅದನ್ನು ಯಾವ ಪಕ್ಷವೂ ವಿರೋಧಿಸಲಾರದು. ಬಸ್ಸಿಲ್ಲದ ಆಯ್ಕೆಯು ಕಾಗದದ ಆಯ್ಕೆ. ಬಸ್ಸಿನ ಹೆಸರಿನಲ್ಲಿ ಸಣ್ಣ ಶಾಲೆಗಳನ್ನು ಮುಚ್ಚುವ ಆತುರ ಮಾತ್ರ ಬೇಡ. ಆರು ವರ್ಷದ ಮಗುವಿಗೆ ಊರ ಶಾಲೆಯ ಬೆಲೆ ಬೇರೆಯೇ.

ಇನ್ನು ಖಾಸಗಿ ಶಾಲೆಗಳ ಪಾಲು. ಮರುಪಾವತಿಯು ವರ್ಷಗಟ್ಟಲೆ ತಡವಾದರೆ ಸಣ್ಣ ಶಾಲೆಯ ದುಡಿಯುವ ಬಂಡವಾಳವೇ ಕರಗುತ್ತದೆ. ಸರಬರಾಜುದಾರನ ಬಿಲ್ಲು ಬಾಕಿ ಉಳಿದಂತೆಯೇ ಇದೂ. ಸಕಾಲದ ಪಾವತಿಗೆ ಒತ್ತಾಯಿಸುವುದು ನ್ಯಾಯ. ಆದರೆ ರಿಯಾಯಿತಿ ದರದಲ್ಲಿ ಜಮೀನು ಪಡೆದು ಉಚಿತ ಶಿಕ್ಷಣದ ಷರತ್ತಿಗೆ ಒಳಗಾದ ಶಾಲೆಗಳಿಗೆ ಆ ಮಟ್ಟಿಗೆ ಮರುಪಾವತಿಯ ಹಕ್ಕಿಲ್ಲವೆಂದು ಅದೇ ಕಾಯ್ದೆಯೇ ಹೇಳಿರುವುದನ್ನು ಆಡಳಿತ ಮಂಡಳಿಗಳು ಸಭೆಗಳಲ್ಲಿ ನೆನಪಿಸಿಕೊಳ್ಳುವುದು ಅಪರೂಪ.

ವಾಣಿಜ್ಯ ಸಮುದಾಯವು ಈ ವಿಷಯದಲ್ಲಿ ಹೊರಗಿನವರಲ್ಲ. ಅನೇಕ ವರ್ತಕರು ಶಾಲಾ ಟ್ರಸ್ಟುಗಳ ಪದಾಧಿಕಾರಿಗಳು. ಇನ್ನು ಕೆಲವರ ಕಂಪನಿಗಳು 2013ರ ಕಂಪನಿ ಕಾಯ್ದೆಯಂತೆ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸುತ್ತವೆ, ಅದರಲ್ಲಿ ಶಾಲೆಗಳಿಗೂ ಪಾಲಿದೆ. ಹಣ ಕೊಡುವ ಮುನ್ನ ಒಂದು ಷರತ್ತನ್ನು ಅವರು ಹಾಕಬಹುದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಸಂಬಳಕ್ಕೆ ಹೋದ ಹಣ, ಇತರ ವೆಚ್ಚ ಮತ್ತು ಸರ್ಕಾರದಿಂದ ಬಂದ ಹಾಗೂ ಬರಬೇಕಾದ ಬಾಕಿ ಇವಿಷ್ಟನ್ನು ಒಂದೇ ನಮೂನೆಯ ಒಂದು ಪುಟದಲ್ಲಿ, ಕನ್ನಡದಲ್ಲಿ, ಪ್ರವೇಶ ಆರಂಭವಾಗುವ ಮುನ್ನವೇ ಸೂಚನಾ ಫಲಕದಲ್ಲಿ ಹಚ್ಚಬೇಕು. ಲೆಕ್ಕಪರಿಶೋಧಕನಿಗೆ ಅದು ಅರ್ಧ ದಿನದ ಕೆಲಸ. ತನ್ನ ಮಗುವನ್ನು ಎಲ್ಲಿಗೆ ಕಳುಹಿಸುವುದೆಂದು ಯೋಚಿಸುತ್ತ ನಿಂತ ಹಮಾಲನಿಗೂ ಅದನ್ನು ಓದಲು, ಓದಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯದು.