ಗರ್ಭಕೋಶದ ಗಡ್ಡೆ: ಶಸ್ತ್ರಕ್ಕೆ ಮುನ್ನ ಕೇಳಬೇಕಾದ ಮಾತು

ಕಳೆದ ಶ್ರಾವಣದಲ್ಲಿ ರಾಜಾಜಿನಗರದಲ್ಲಿ ನಮ್ಮ ಉಪನ್ಯಾಸ ಮುಗಿದಾಗ, ಪರಿಚಿತ ಮನೆತನದ ತಾಯಿಯೊಬ್ಬರು ಎಲ್ಲರೂ ಹೋಗುವವರೆಗೆ ಕಾದು ನಿಂತಿದ್ದರು. "ಗುರುಗಳೇ, ಈ ವಾರವೇ ಗರ್ಭಕೋಶ ತೆಗೆಸಬೇಕಂತೆ. ಏನು ಮಾಡಲಿ?" ಎಂದರು. ವಯಸ್ಸು 46. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಎಂಟು ತಿಂಗಳ ಅತಿಸ್ರಾವವನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ರಜಸ್ಸನ್ನು ಸೂತಕವೆಂದು ಒಪ್ಪದ ಶರಣರ ಪರಂಪರೆ ನಮ್ಮದು. ಆದರೂ ನಮ್ಮ ಮನೆಗಳಲ್ಲಿ ಆ ಮಾತಿಗೆ ಇಂದಿಗೂ ಬಾಯಿಲ್ಲ!

ನಾವು ವೈದ್ಯರಲ್ಲ. ಪರಿಚಿತ ವೈದ್ಯೆಯೊಬ್ಬರಿಂದ ಕೇಳಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಫೈಬ್ರಾಯ್ಡ್ ಎಂಬುದು ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಡ್ಡೆ. ಅದು ಕ್ಯಾನ್ಸರ್ ಆಗಿರುವುದು ಅತಿ ವಿರಳ. ತೊಂದರೆ ಕೊಡದಿದ್ದರೆ ಚಿಕಿತ್ಸೆಯೇ ಬೇಡ. ಸ್ತ್ರೀಹಾರ್ಮೋನುಗಳೇ ಅದರ ಆಹಾರ. ಆದ್ದರಿಂದ ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಹಾರ್ಮೋನು ಚಿಕಿತ್ಸೆಯ ತಿರುಳು ಇಲ್ಲಿದೆ.

ಲ್ಯುಪ್ರೊಲೈಡ್ ಚುಚ್ಚುಮದ್ದು ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ಸ್ರಾವ ನಿಲ್ಲುತ್ತದೆ, ಗಡ್ಡೆ ಕುಗ್ಗುತ್ತದೆ, ಕಬ್ಬಿಣಾಂಶದ ಮಾತ್ರೆಯೊಡನೆ ರಕ್ತ ಚೇತರಿಸುತ್ತದೆ. ಆದರೆ ಮೈ ಬಿಸಿಯೇರುವುದುಂಟು, ಮೂಳೆ ಸವೆಯುವುದುಂಟು. ಆದ್ದರಿಂದ ಇದನ್ನೊಂದನ್ನೇ ಸಾಮಾನ್ಯವಾಗಿ ಆರು ತಿಂಗಳು ಮೀರಿ ಕೊಡುವುದಿಲ್ಲ. ನಿಲ್ಲಿಸಿದರೆ ಗಡ್ಡೆ ಮರಳಿ ಬೆಳೆಯಬಹುದು. ಗರ್ಭಕೋಶದೊಳಗೆ ಇರಿಸುವ ಲೆವೊನಾರ್ಜೆಸ್ಟ್ರೆಲ್ ಸಾಧನವು ಸ್ರಾವವನ್ನು ವರ್ಷಗಟ್ಟಲೆ ತಗ್ಗಿಸಬಲ್ಲದು. ಗಡ್ಡೆಯು ಒಳಗಿನ ಅವಕಾಶವನ್ನು ವಿರೂಪಗೊಳಿಸಿದ್ದರೆ ಅದು ಹೊಂದದು. ಯುಲಿಪ್ರಿಸ್ಟಾಲ್ ಮಾತ್ರೆಗೆ ಯಕೃತ್ತಿನ ಹಾನಿಯ ಕಾರಣ 2020ರಲ್ಲಿ ಯೂರೋಪಿನಲ್ಲಿ ಕಟ್ಟುನಿಟ್ಟಿನ ಮಿತಿ ಬಿತ್ತು. ಅಂಗಡಿಯಿಂದ ತಾವೇ ತಂದು ನುಂಗುವ ಔಷಧಗಳಲ್ಲ ಇವು.

ಹಾಗಾದರೆ ಔಷಧದ ಫಲವೇನು? ಕಾಲಾವಕಾಶ. ಮುಟ್ಟು ನಿಲ್ಲುವ ಹೊಸ್ತಿಲಲ್ಲಿರುವವರಿಗೆ ಆ ಅವಕಾಶವೇ ಕೆಲವೊಮ್ಮೆ ಸಾಕಾಗುತ್ತದೆ. ಶಸ್ತ್ರಚಿಕಿತ್ಸೆ ಅನಿವಾರ್ಯವಾದರೂ ರಕ್ತ ತುಂಬಿದ ದೇಹ ಅದನ್ನು ಚೆನ್ನಾಗಿ ತಾಳುತ್ತದೆ.

ಅವಸರದ ಫಲವನ್ನು ನಮ್ಮ ನಾಡು ಕಂಡಿದೆ. ಕಲಬುರಗಿ ಜಿಲ್ಲೆಯ ಲಂಬಾಣಿ ಹಾಗೂ ದಲಿತ ಮಹಿಳೆಯರು, ರಾಣೆಬೆನ್ನೂರಿನ ಮಹಿಳೆಯರು ತಮ್ಮ ಗರ್ಭಕೋಶವನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ಬೀದಿಗಿಳಿದು ನ್ಯಾಯ ಕೇಳಿದರು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು.

ಆದುದರಿಂದ ತಾಯಂದಿರು ವೈದ್ಯರನ್ನು ಕೇಳಬೇಕು: ಗಡ್ಡೆ ಎಷ್ಟು ದೊಡ್ಡದು, ಎಲ್ಲಿದೆ? ಗರ್ಭಕೋಶದ ಒಳಪದರದ ಪರೀಕ್ಷೆ ಬೇಕೇ? ಔಷಧದಿಂದ ಕಾಯಬಹುದೇ? ಅಂಡಾಶಯವನ್ನೂ ತೆಗೆಯುವಿರಾ, ಏಕೆ? ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲನೆಯವರಿಗೆ ಮಾಡುವ ಅವಮಾನವಲ್ಲ. ಇಎಸ್‌ಐ ಸೌಲಭ್ಯವುಳ್ಳ ಕುಟುಂಬಗಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿಯೇ ಸ್ತ್ರೀರೋಗ ವಿಭಾಗವಿದೆ.

ಆ ತಾಯಿ ಸೊಸೆಯನ್ನು ಕರೆದುಕೊಂಡು ಬೇರೊಬ್ಬ ವೈದ್ಯರನ್ನು ಕಂಡರು. ಮೂರು ಚುಚ್ಚುಮದ್ದುಗಳಾಗಿವೆ, ಹಿಮೋಗ್ಲೋಬಿನ್ 10 ದಾಟಿದೆ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಇನ್ನೂ ನಿರ್ಧಾರವಾಗಿಲ್ಲ. ಆದರೆ ಈ ಬಾರಿ ಅವರ ಯಜಮಾನರೂ ಜೊತೆಯಲ್ಲಿ ಕುಳಿತು ಕೇಳುತ್ತಿದ್ದಾರೆ. ನಮಗೆ ಅಷ್ಟು ಸಮಾಧಾನ.